ಬೂಷ್ಟು ಹಿಡಿದ ಡಬ್ಬಿಯಿಂದ ಆಸ್ಟ್ರೇಲಿಯಾದ ಉಗಿ ಎಂಜಿನ್‌ಗಳನ್ನು ಹೊರತೆಗೆಯುವುದು ಹೇಗೆ

ಕೊಡಗಿನಲ್ಲಿ ಇವತ್ತಿಗೂ ರೈಲಿಲ್ಲ. ರೈಲು ನೋಡಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ಬಸ್ಸು ಹತ್ತಬೇಕು. ಇಂಥ ಜಿಲ್ಲೆಯಲ್ಲಿ ಹುಟ್ಟಿದ ನಮ್ಮ ಮಾವನಿಗೆ ರೈಲಿನ ಹುಚ್ಚು ಎಲ್ಲಿಂದ ಹಿಡಿಯಿತೋ ದೇವರಿಗೇ ಗೊತ್ತು. ಅವರು ಅಮ್ಮನ ಅಣ್ಣ. ಏಷ್ಯಾದ ವಿದ್ಯಾರ್ಥಿಗಳನ್ನು ಹೊರದೇಶದಲ್ಲಿ ಓದಿಸುತ್ತಿದ್ದ ಕೊಲಂಬೊ ಯೋಜನೆಯಲ್ಲಿ ಓದಲು 1968ರ ಜನವರಿಯಲ್ಲಿ ಸಿಡ್ನಿಗೆ ಹೋದರು. 1971ರ ಕೊನೆಗೆ ಚೇರಂಬಾಣೆಯ ಮನೆಗೆ ವಾಪಸ್ ಬಂದರು. ತಂದದ್ದು ಒಂದು ಡಿಗ್ರಿ, ಒಂದು ಉಣ್ಣೆ ಕೋಟು, ಗಿಳಿ ಚಿತ್ರದ ಅರ್ನಾಟ್ಸ್ ಬಿಸ್ಕತ್ತಿನ ಡಬ್ಬಿ ತುಂಬ ರೈಲಿನ ಸ್ಲೈಡುಗಳು, ಅಂದರೆ ರಟ್ಟಿನ ಚೌಕಟ್ಟಿಗೆ ಹಾಕಿದ ಬಣ್ಣದ ಫಿಲ್ಮ್ ತುಂಡುಗಳು. ನಾನೇ ಎಣಿಸಿದ್ದೇನೆ, 312.

ನಾನು ಮಡಿಕೇರಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡವನು. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ, ಹಳೇ ಫೋಟೋ ರಿಪೇರಿ ನನ್ನ ಕೆಲಸ. ಹೋದ ವರ್ಷ ಮಾವ ಆ ಡಬ್ಬಿಯನ್ನು ನನ್ನ ಟೇಬಲ್ ಮೇಲಿಟ್ಟು, "ನೋಡು ಮಾರಾಯ, ಇದರಲ್ಲಿ ಏನಾದ್ರೂ ಉಳಿದಿದ್ಯಾ?" ಎಂದರು. ಮುಚ್ಚಳ ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಐವತ್ತಕ್ಕೂ ಜಾಸ್ತಿ ಮಳೆಗಾಲ ಕಂಡ ಡಬ್ಬಿ, ಇನ್ನೇನಾಗುತ್ತದೆ?

ಅದನ್ನು ಒರೆಸಿ, ಸ್ಕ್ಯಾನ್ ಮಾಡಿ, ಪ್ರತಿ ಚಿತ್ರಕ್ಕೂ ಊರು, ಎಂಜಿನ್, ವರ್ಷ ಬರೆಯಲು ಏಳು ತಿಂಗಳು ಹಿಡಿಯಿತು. ಆ ಕಾಲದಲ್ಲಿ ಅಲ್ಲಿಗೆ ಓದಲು ಹೋದವರ ಮನೆಯ ಅಟ್ಟದಲ್ಲಿ ಇನ್ನೂ ಇಂಥ ಡಬ್ಬಿಗಳು ಇರುತ್ತವೆ. ನಿಮ್ಮಲ್ಲೂ ಒಂದಿದ್ದರೆ, ನಾನು ಮಾಡಿದ ತಪ್ಪು ನೀವು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೂಷ್ಟಿನ ವಿಚಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಗೆ ಕೈ ಹಾಕಬೇಡಿ. ನಮ್ಮ ಊರಿನ ಆ ಗಾಳಿಯಲ್ಲಿ ಒರೆಸಿಟ್ಟ ಸ್ಲೈಡಿಗೆ ಮತ್ತೆ ಬೂಷ್ಟು ಬರುತ್ತದೆ. ಜನವರಿ ಕೊನೆಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ಒಳ್ಳೆಯ ಕಾಲ. ಒಂದೇ ತೊಂದರೆ, ಅದು ಕಾಫಿ ಒಣಗಿಸುವ ಕಾಲವೂ ಹೌದು. ಕಣದ ಪಕ್ಕದ ಕೋಣೆಯಲ್ಲಿ ಕೂತರೆ ಸ್ಲೈಡಿನ ತುಂಬ ಕಾಫಿ ಸಿಪ್ಪೆಯ ಧೂಳು. ಒಳಗಿನ ಕೋಣೆಯಲ್ಲಿ, ಫ್ಯಾನ್ ಆರಿಸಿ ಕೂರಿ.

ನೀರು ಮುಟ್ಟಿಸಬೇಡಿ. ಇದನ್ನು ಎರಡು ಸಲ ಓದಿ. ಬೂಷ್ಟು ಸ್ಲೈಡಿನ ಮೇಲಿನ ಜಿಲೆಟಿನ್ ಪದರವನ್ನು ತಿಂದು ಬದುಕುತ್ತದೆ. ಅದು ತಿಂದ ಜಾಗದಲ್ಲಿ ಜಿಲೆಟಿನ್ ನೀರಿಗೆ ಕರಗುವಷ್ಟು ಮೆತ್ತಗಾಗಿರುತ್ತದೆ. ಸ್ಟುಡಿಯೋದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ನಾನೇ ಮೊದಲ ದಿನ ಸ್ವಲ್ಪ ಒದ್ದೆ ಹತ್ತಿಯಿಂದ ಒಂದು ಸ್ಲೈಡು ಒರೆಸಿದೆ. ಆಕಾಶ ಹತ್ತಿಗೆ ಅಂಟಿಕೊಂಡು ಬಂತು. ನೀಲಿ ಬಣ್ಣದ ಹತ್ತಿ ಕೈಯಲ್ಲಿ, ಸ್ಲೈಡಿನಲ್ಲಿ ಎಂಜಿನ್ ಮೇಲೆ ಬರೀ ಬಿಳಿ ತೂತು. ಮಾವನಿಗೆ ಇನ್ನೂ ಹೇಳಿಲ್ಲ.

ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ ಸಡಿಲ ಧೂಳು ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಆಮೇಲೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೆಡಿಕಲ್ ಶಾಪಿನ ಸಾಮಾನ್ಯ ಸ್ಪಿರಿಟ್ ಬೇಡ, ಅದರಲ್ಲಿ ನೀರು ಜಾಸ್ತಿ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಸ್ವಲ್ಪವೇ ತಾಗಿಸಿ, ಉಜ್ಜದೆ, ಒಂದೇ ದಿಕ್ಕಿಗೆ ಎಳೆಯಿರಿ. ಯಾವುದಕ್ಕೂ ಮೊದಲು ಕೆಲಸಕ್ಕೆ ಬಾರದ ಒಂದು ಸ್ಲೈಡಿನ ಮೇಲೆ ಪರೀಕ್ಷೆ ಮಾಡಿ. ಪ್ರತಿ ಡಬ್ಬಿಯಲ್ಲೂ ಯಾರದೋ ಹೆಬ್ಬೆರಳಿನ ಫೋಟೋ ಒಂದಿರುತ್ತದೆ, ಅದು ಈ ಕೆಲಸಕ್ಕೆ ಸರಿ.

ಸ್ಲೈಡಿನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕು. ಚಿತ್ರ ಇರುವುದು ಮಂಕು ಮೈಯಲ್ಲಿ. ಕೋಡಾಕ್ ಕಂಪನಿಯ ಕೋಡಾಕ್ರೋಮ್ ಫಿಲ್ಮ್ ಆದರೆ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಮಂಕು ಮೈಯಲ್ಲಿ ಚಿತ್ರ ಉಬ್ಬುತಗ್ಗಾಗಿ ಕಾಣುತ್ತದೆ, ನಾಣ್ಯದ ಮೇಲಿನ ಅಚ್ಚಿನ ಹಾಗೆ. ಬೂಷ್ಟು ಆ ಮೈಯ ಒಳಕ್ಕೆ ಇಳಿದು ಬೇರಿನ ಹಾಗೆ ಹರಡಿದ್ದರೆ ಕೈಬಿಡಿ. ಅದು ಒರೆಸಿದರೆ ಹೋಗುವುದಲ್ಲ, ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲೇ ಸರಿ ಮಾಡಬೇಕು.

ಸ್ಕ್ಯಾನರಿನಲ್ಲಿ ಧೂಳು ತಾನಾಗಿ ಅಳಿಸುವ ಇನ್‌ಫ್ರಾರೆಡ್ ವ್ಯವಸ್ಥೆ ಇರುತ್ತದಲ್ಲ, ಕೋಡಾಕ್ರೋಮ್‌ಗೆ ಅದನ್ನು ಆರಿಸಿಡಿ. ಅದು ಚಿತ್ರವನ್ನೇ ಧೂಳು ಎಂದುಕೊಂಡು ಗಾಲಿಯ ಕಡ್ಡಿಗಳನ್ನು ತಿಂದುಹಾಕುತ್ತದೆ. ಪ್ರತಿ ಸ್ಲೈಡಿನ ರಟ್ಟಿನ ಚೌಕಟ್ಟಿನ ಎರಡೂ ಮೈಗಳ ಫೋಟೋ ಮೊಬೈಲಿನಲ್ಲಾದರೂ ತೆಗೆದಿಡಿ. ಅರ್ಧ ಉತ್ತರ ಅಲ್ಲಿರುತ್ತದೆ.

ಯಾವ ರಾಜ್ಯದ ಎಂಜಿನ್?

ಆಸ್ಟ್ರೇಲಿಯಾ 1901ಕ್ಕೆ ಮೊದಲು ಬೇರೆ ಬೇರೆ ವಸಾಹತುಗಳಾಗಿತ್ತು. ಒಬ್ಬೊಬ್ಬರೂ ತಮಗೆ ಬೇಕಾದ ಅಗಲಕ್ಕೆ ಹಳಿ ಹಾಕಿಕೊಂಡರು. ನ್ಯೂ ಸೌತ್ ವೇಲ್ಸ್‌ನಲ್ಲಿ 1435 ಮಿಲಿಮೀಟರ್. ವಿಕ್ಟೋರಿಯಾದಲ್ಲಿ 1600. ಕ್ವೀನ್ಸ್‌ಲ್ಯಾಂಡ್, ಪಶ್ಚಿಮ ಆಸ್ಟ್ರೇಲಿಯಾ, ಟಾಸ್ಮೇನಿಯಾಗಳಲ್ಲಿ 1067. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಎಲ್ಲವೂ ಕಲಸುಮೇಲೋಗರ. ಹಳಿ ಬೇರೆ ಅಂದರೆ ಎಂಜಿನ್ ಬೇರೆ, ನಂಬರ್ ಹಾಕುವ ಕ್ರಮವೂ ಬೇರೆ. ನಮಗೆ ಅದು ಅನುಕೂಲವೇ. ಎಂಜಿನ್ ಎದುರಿನಿಂದ ಕಂಡರೆ ಹಳಿಗಿಂತ ಮೈ ಎಷ್ಟು ಹೊರಚಾಚಿದೆ ನೋಡಿ. ದೊಡ್ಡ ಹೊಟ್ಟೆ ಸಣ್ಣ ಕಾಲಿನ ಹಾಗೆ ಕಂಡರೆ 1067ರ ರಾಜ್ಯ.

ನಂಬರ್ ಓದುವ ಮೊದಲು ಸ್ಲೈಡು ತಿರುವುಮುರುವು ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹೊಳೆಯುವ ಮೈ ನಿಮ್ಮ ಕಡೆಗಿದ್ದಾಗ ಅಕ್ಷರ ನೇರವಾಗಿ ಓದಲು ಬರಬೇಕು.

ನ್ಯೂ ಸೌತ್ ವೇಲ್ಸ್ ಎಲ್ಲಕ್ಕಿಂತ ಸುಲಭ. 1924ರಲ್ಲಿ ಅವರು ಎಲ್ಲ ಎಂಜಿನ್‌ಗಳಿಗೂ ಹೊಸದಾಗಿ ನಾಲ್ಕಂಕಿಯ ನಂಬರ್ ಕೊಟ್ಟರು. ಮೊದಲ ಎರಡು ಅಂಕಿ ಎಂಜಿನ್ ಜಾತಿ, ಉಳಿದೆರಡು ಅದರ ಕ್ರಮಸಂಖ್ಯೆ. 3801 ಅಂದರೆ 38ನೇ ಜಾತಿಯ ಮೊದಲನೆಯದು. 1943ರಿಂದ 1949ರವರೆಗೆ ಕಟ್ಟಿದ ಎಕ್ಸ್‌ಪ್ರೆಸ್ ಎಂಜಿನ್‌ಗಳಿವು, ಒಟ್ಟು 30. ಮೊದಲ ಐದಕ್ಕೆ ಮಾತ್ರ ಗಾಳಿ ಸೀಳುವಂಥ ಮೈ ಹೊದಿಕೆ. 36 ಅಂತ ಶುರುವಾದರೆ ಅಲ್ಲಿಯವರು "ಹಂದಿ" ಎಂದು ಕರೆಯುತ್ತಿದ್ದ ಜಾತಿ. ಯಾಕೆ ಹಂದಿ ಅಂತ ಕೇಳಿದರೆ ಮಾವ, "ಕಾಡುಹಂದಿ ಗುಡ್ಡ ಹತ್ತೋದು ನೀನು ನೋಡಿಲ್ವಾ?" ಎನ್ನುತ್ತಾರೆ. ಅದು ಅವರದೇ ವ್ಯಾಖ್ಯಾನ.

60 ಅಂತ ಶುರುವಾದರೆ ಕುರ್ಚಿ ಎಳೆದುಕೊಂಡು ಸರಿಯಾಗಿ ಕೂರಿ. ಅದು ಗ್ಯಾರಟ್. ಒಂದು ಬಾಯ್ಲರ್, ಅದರ ಮುಂದೊಂದು ಹಿಂದೊಂದು ಗಾಲಿಗಾಡಿ. ಎರಡೂ ತಮ್ಮಷ್ಟಕ್ಕೆ ತಿರುಗುವುದರಿಂದ ಇಷ್ಟುದ್ದದ ಎಂಜಿನ್ ತಿರುವುಗಳಲ್ಲೂ ಬಳುಕಿಕೊಂಡು ಹೋಗುತ್ತದೆ. ಇಂಗ್ಲೆಂಡಿನ ಬೇಯರ್ ಪೀಕಾಕ್ ಕಂಪನಿ ಕಟ್ಟಿದ್ದು, 1952ರಿಂದ ಓಡಿದ್ದು, ಸುಮಾರು 260 ಟನ್ ತೂಕ. ಹೊಸಬರು ಮಾಡುವ ತಪ್ಪು ಅಂದರೆ ಇದನ್ನು ಜೋಡಿಸಿದ ಎರಡು ಎಂಜಿನ್ ಎಂದು ಬರೆಯುವುದು. ಚಿಮಣಿ ಎಣಿಸಿ. ಒಂದೇ ಇದ್ದು, ಎರಡೂ ತುದಿಯಲ್ಲಿ ಪೆಟ್ಟಿಗೆಯಂಥದ್ದು ಕಂಡರೆ ಗ್ಯಾರಟ್.

ಕ್ವೀನ್ಸ್‌ಲ್ಯಾಂಡಿನವರ ಲೆಕ್ಕವೇ ಬೇರೆ. ಅವರ ಒಂದು ಜಾತಿಯ ಹೆಸರು ಬಿಬಿ ಹದಿನೆಂಟೂಕಾಲು. ಸಂತೆಯಲ್ಲಿ ಅಕ್ಕಿ ಅಳೆದ ಹಾಗೆ! ಬಿ ಅಂದರೆ ಒಟ್ಟಿಗೆ ಕಟ್ಟಿದ ಓಡುಗಾಲಿ ಮೂರು ಜೋಡಿ, ಸಿ ಅಂದರೆ ನಾಲ್ಕು ಜೋಡಿ. ಮುಂದಿನ ಅಂಕಿ ಸಿಲಿಂಡರಿನ ಅಗಲ, ಇಂಚಿನಲ್ಲಿ. ಅದೇ ಅಳತೆಯ ಹಳೇ ಜಾತಿ ಇದ್ದದ್ದರಿಂದ ಹೊಸದಕ್ಕೆ ಬಿ ಎರಡು ಸಲ. ನೀವು ಫೋಟೋದಲ್ಲಿ ದೊಡ್ಡ ಗಾಲಿ ಎಣಿಸಿದರೆ ಅರ್ಧ ಕೆಲಸ ಮುಗಿಯಿತು. ಈ ಜಾತಿಯ 1089 ನಂಬರಿನದು ಸಿಕ್ಕರೆ ಜೋಪಾನ. 1958ರಲ್ಲಿ ಮೇರಿಬರೋದ ವಾಕರ್ಸ್ ಕಂಪನಿ ಕಟ್ಟಿದ ಅದು ಆಸ್ಟ್ರೇಲಿಯಾದಲ್ಲೇ ತಯಾರಾದ ಕೊನೆಯ ಮುಖ್ಯ ಮಾರ್ಗದ ಉಗಿ ಎಂಜಿನ್. ಕಟ್ಟಿ ಹನ್ನೆರಡು ವರ್ಷ ಆಗುವಷ್ಟರಲ್ಲಿ ಅಲ್ಲಿ ಉಗಿಯ ದಿನಗಳೇ ಮುಗಿದವು.

ವಿಕ್ಟೋರಿಯಾದಲ್ಲಿ ಅಕ್ಷರ, ಆಮೇಲೆ ಅಂಕಿ. ಆರ್ 707 ಎಂಬಂತೆ. ಗ್ಲಾಸ್ಗೋದಿಂದ 70 ಹೊಸ ಆರ್ ಎಂಜಿನ್‌ಗಳನ್ನು 1951ರಿಂದ ತರಿಸಿಕೊಂಡರು. ಮರುವರ್ಷವೇ ಬಿ ಜಾತಿಯ ಡೀಸೆಲ್ ಬಂದು ಇವುಗಳ ಕೆಲಸ ಕಿತ್ತುಕೊಂಡಿತು.

ಉಜ್ಜಿದ್ದೋ ಉಜ್ಜದ್ದೋ

ಇದು ನನಗೆ ಮಾವ ಕಲಿಸಿದ ಪಾಠ. ಉಗಿಯ ಕೊನೆಯ ವರ್ಷಗಳ ಫೋಟೋಗಳಲ್ಲಿ ಎರಡು ಬಗೆ. ಒಂದು, ದಿನನಿತ್ಯದ ಕೆಲಸ ಮಾಡುತ್ತಿದ್ದ ಎಂಜಿನ್. ಇನ್ನೊಂದು, ಅಭಿಮಾನಿಗಳಿಗೆಂದೇ ಓಡಿಸಿದ ವಿಶೇಷ ರೈಲು. ಹೆಸರು ಬರೆಯುವಾಗ ಇವೆರಡನ್ನೂ ಬೆರೆಸಿದರೆ ನಿಮ್ಮ ಪಟ್ಟಿ ಕೆಲಸಕ್ಕೆ ಬಾರದು.

ವಿಶೇಷ ರೈಲಾದರೆ ಎಂಜಿನ್ ಮುಖಕ್ಕೆ ಹೆಸರಿನ ಹಲಗೆ ಕಟ್ಟಿರುತ್ತಾರೆ. ಹಿತ್ತಾಳೆ ಫಳಫಳ. ಪ್ರತಿ ಕಿಟಕಿಯಲ್ಲೂ ತಲೆ, ಹಳಿ ಪಕ್ಕದ ಹುಲ್ಲಿನಲ್ಲಿ ಟ್ರೈಪಾಡ್ ಸಾಲು. ನಿಜವಾದ ಕೆಲಸದ ಎಂಜಿನ್ ಆದರೆ ಕೊಳಕು. ಡೀಸೆಲ್ ಬರುವುದು ಖಾತ್ರಿಯಾದ ಮೇಲೆ ಸಾಯುವ ಎಂಜಿನ್ನನ್ನು ಒರೆಸುವವರು ಯಾರು? ಬಾಯ್ಲರ್ ಮೇಲೆ ಬಿಳಿ ಸುಣ್ಣದ ಗೆರೆ, ಉಗಿ ಸೋರಿದ ಗುರುತು. ನಂಬರ್ ಸುತ್ತ ಮಾತ್ರ ಯಾರೋ ಬಟ್ಟೆಯಿಂದ ಒರೆಸಿದ ಗುಂಡು ಜಾಗ.

ನಾನು ಮೊದಲಿಗೆ ಚೆಂದದ ಸ್ಲೈಡುಗಳನ್ನೆಲ್ಲ ಮೇಲಿಟ್ಟು, ಕೊಳಕು ಎಂಜಿನ್‌ಗಳನ್ನು ಕೆಳಗೆ ಹಾಕಿದ್ದೆ. ಮಾವ ಬಂದು ನೋಡಿ ಪೂರ್ತಿ ಉಲ್ಟಾ ಜೋಡಿಸಿದರು. "ಉಜ್ಜಿದ್ದು ಮದುವೆ ಗಂಡು. ಉಜ್ಜದ್ದು ಗಂಡ. ನಾನು ಅಲ್ಲಿಗೆ ಹೋಗ್ತಿದ್ದದ್ದು ಗಂಡನ್ನ ನೋಡಲಿಕ್ಕೆ." ಅತ್ತೆ ಒಳಗಿನಿಂದ ಏನೋ ಗೊಣಗಿದರು, ನಾನು ಕೇಳಿಸಿಕೊಳ್ಳಲಿಲ್ಲ.

ಅವರಿಗೆ ಇಷ್ಟದ ಸ್ಲೈಡು 87ನೇದು. ಗೋಸ್ಫರ್ಡ್ ಸ್ಟೇಷನ್ನು, ಬೆಳಗಿನ ಬಿಸಿಲು. ಸಿಡ್ನಿಯಿಂದ ನ್ಯೂಕ್ಯಾಸಲ್‌ಗೆ ಹೋಗುವ ಫ್ಲೈಯರ್ ರೈಲಿಗೆ ಗೋಸ್ಫರ್ಡ್‌ವರೆಗೆ ಕರೆಂಟಿನ ಎಂಜಿನ್. ಅಲ್ಲಿಗೆ ತಂತಿ ಮುಗಿಯುತ್ತಿತ್ತು. ಕರೆಂಟಿನದು ಕಳಚಿ ಹೋಗಿ, 38 ಜಾತಿಯ ಉಗಿ ಎಂಜಿನ್ ಹಿಂದಕ್ಕೆ ಬಂದು ಕೂಡಿಕೊಳ್ಳುತ್ತಿತ್ತು. ಸ್ಲೈಡಿನಲ್ಲಿ ಕೊಂಡಿ ಹಾಕುವವನು ಎರಡರ ನಡುವೆ ಬಗ್ಗಿದ್ದಾನೆ, ಬೆನ್ನು ಮಾತ್ರ ಕಾಣುತ್ತದೆ. ಟೆಂಡರಿನ, ಅಂದರೆ ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯ ಮೇಲೆ ಕಲ್ಲಿದ್ದಲ ಗುಡ್ಡೆ, ಅದರ ಧೂಳು ಬಿಸಿಲಿನಲ್ಲಿ ಹೊಳೆಯುತ್ತಿದೆ. ಹಲಗೆ ಇಲ್ಲ, ಬಾವುಟ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹೆಂಗಸು ಎಂಜಿನ್‌ಗೆ ಬೆನ್ನು ಹಾಕಿ ಪತ್ರಿಕೆ ಓದುತ್ತಿದ್ದಾಳೆ. ಆ ಬೆನ್ನೇ ಸಾಕ್ಷಿ ಅಲ್ವಾ? ಅವಳಿಗೆ ಅದು ದಿನದ ರೈಲು. 1970ರ ಡಿಸೆಂಬರ್ ಕಳೆದ ಮೇಲೆ ಫ್ಲೈಯರ್‌ಗೆ ಉಗಿ ಎಂಜಿನ್ ಇರಲಿಲ್ಲ. ಹಾಗಾಗಿ ಈ ಸ್ಲೈಡು ಅದಕ್ಕಿಂತ ಹಿಂದಿನದು.

ಎದುರು ಬಗೆಯದ್ದೂ ಒಂದಿದೆ. ಸಿಡ್ನಿ ಸೆಂಟ್ರಲ್‌ನಲ್ಲಿ ಹಸಿರು ಬಣ್ಣದ 3801, ಸುತ್ತ ಜಾತ್ರೆ. 1970ರ ಆರಂಭದಲ್ಲಿ ಸಿಡ್ನಿಯಿಂದ ಪರ್ತ್‌ವರೆಗೆ ಒಂದೇ ಅಗಲದ ಹಳಿ ಕೂಡಿತು. ಅದೇ ಆಗಸ್ಟ್‌ನಲ್ಲಿ ಈ ಎಂಜಿನ್ ವೆಸ್ಟರ್ನ್ ಎಂಡೆವರ್ ಎಂಬ ವಿಶೇಷ ರೈಲು ಎಳೆದುಕೊಂಡು ದೇಶದ ಆ ತುದಿಗೆ ಹೋಯಿತು. ಇದರಿಂದ ಒಂದು ಉಪಯೋಗ ಇದೆ. ನಿಮ್ಮ ಡಬ್ಬಿಯಲ್ಲಿ ನಲ್ಲಾರ್ಬರ್‌ನ ಮರವಿಲ್ಲದ ಬಯಲಿನಲ್ಲಿ ಉಗಿ ಎಂಜಿನ್ನಿನ ಬಣ್ಣದ ಸ್ಲೈಡು ಸಿಕ್ಕರೆ ಮೊದಲು ಈ ಪ್ರಯಾಣವನ್ನೇ ಅನುಮಾನಿಸಿ. ಆ ಮಾರ್ಗದಲ್ಲಿ ಎಂಜಿನ್‌ಗೆ ಹಾಕಲು ಒಳ್ಳೆಯ ನೀರೇ ಇರಲಿಲ್ಲ. ಅದಕ್ಕೇ 1951ರಿಂದಲೇ ಅಲ್ಲಿಗೆ ಡೀಸೆಲ್ ತಂದುಬಿಟ್ಟಿದ್ದರು.

ವರ್ಷ ಹಾಕುವುದು

ಚೌಕಟ್ಟಿನ ಮೇಲೆ ತಿಂಗಳು, ವರ್ಷದ ಮುದ್ರೆ ಇದ್ದರೆ ಅದು ಫಿಲ್ಮ್ ತೊಳೆದ ದಿನ, ಫೋಟೋ ತೆಗೆದ ದಿನವಲ್ಲ. ಬಡ ವಿದ್ಯಾರ್ಥಿಯ ಕ್ಯಾಮೆರಾದಲ್ಲಿ ಒಂದು ರೋಲು ನಾಲ್ಕು ತಿಂಗಳು ಇರುತ್ತಿತ್ತು. ಮುದ್ರೆಯನ್ನು "ಇದಕ್ಕಿಂತ ಈಚಿನದಲ್ಲ" ಎಂದು ಮಾತ್ರ ಓದಿ.

ಆಮೇಲೆ ಎಂಜಿನ್ ಬಿಟ್ಟು ಸುತ್ತಮುತ್ತ ನೋಡಿ. ಅಂಗಡಿ ಬೋರ್ಡಿನಲ್ಲಿ ಬೆಲೆ ಶಿಲ್ಲಿಂಗ್, ಪೆನ್ನಿಯಲ್ಲಿದ್ದರೆ 1966ರ ಫೆಬ್ರವರಿ 14ರ ಆಸುಪಾಸಿಗಿಂತ ಹಿಂದಿನದು. ಆ ದಿನ ಅವರು ಡಾಲರಿಗೆ ಬದಲಾದರು. ರಸ್ತೆಯಲ್ಲಿ ಕೆಂಪು ಬಳೆಯೊಳಗೆ ವೇಗದ ಅಂಕಿ ಇದ್ದರೆ 1974ರ ಜುಲೈ ಅಥವಾ ಆಮೇಲಿನದು. ಆಗಲೇ ರಸ್ತೆ ಫಲಕಗಳು ಮೈಲಿಯಿಂದ ಕಿಲೋಮೀಟರಿಗೆ ಬಂದದ್ದು.

ಇನ್ನು ಒಂದೊಂದು ರಾಜ್ಯದಲ್ಲಿ ಉಗಿ ಮುಗಿದ ವರ್ಷಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಕ್ವೀನ್ಸ್‌ಲ್ಯಾಂಡ್ 1970ರ ಹೊತ್ತಿಗೆ. ಪಶ್ಚಿಮ ಆಸ್ಟ್ರೇಲಿಯಾ, ವಿಕ್ಟೋರಿಯಾ 1972ರ ಸುಮಾರಿಗೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೊನೆಯ ದೈನಂದಿನ ಪ್ಯಾಸೆಂಜರ್ 1971ರ ಜುಲೈ, ನ್ಯೂಕ್ಯಾಸಲ್‌ನಿಂದ ಸಿಂಗಲ್ಟನ್‌ಗೆ. ಗೂಡ್ಸ್ ಇನ್ನೂ ಸ್ವಲ್ಪ ಎಳೆಯಿತು. ಗಣಿಯ ಬಾಗಿಲಲ್ಲೇ ಕಲ್ಲಿದ್ದಲು ಸಿಗುವಾಗ ಉಗಿ ಬಿಡಲು ಅವಸರವೇನು? ಕೊನೆಯ ಗ್ಯಾರಟ್ 6042 ಕೆಲಸ ನಿಲ್ಲಿಸಿದ್ದು 1973ರ ಮಾರ್ಚ್‌ನಲ್ಲಿ.

ಹಾಗಾದರೆ 1973ರ ನಂತರದ್ದೆಲ್ಲ ಅಭಿಮಾನಿಗಳ ರೈಲು ಅಂತ ಬರೆಯಬಹುದಾ? ನಾನೂ ಹಾಗೇ ಅಂದುಕೊಂಡಿದ್ದೆ. 290ನೇ ಸ್ಲೈಡು ನನ್ನ ಸೊಕ್ಕು ಮುರಿಯಿತು. ದಪ್ಪನೆಯ ಕಪ್ಪು ಟ್ಯಾಂಕ್ ಎಂಜಿನ್, ಅಂದರೆ ನೀರನ್ನು ಟೆಂಡರಿನಲ್ಲಿ ಅಲ್ಲ, ತನ್ನ ಪಕ್ಕೆಯಲ್ಲೇ ಹೊರುವಂಥದ್ದು. ಹಿಂದೆ ಕಲ್ಲಿದ್ದಲ ಡಬ್ಬಿಗಳು. ಮಾವ ವಾಪಸ್ ಬಂದದ್ದು 1971, ಹಾಗಾಗಿ ಕಣ್ಣು ಮುಚ್ಚಿ 1971 ಎಂದು ಬರೆದುಬಿಟ್ಟೆ. ಮಾರನೇ ದಿನ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎರಡು ವಿಷಯ ಕಂಡವು. ನಂಬರ್ ಬರೀ 24. ಸರಕಾರಿ ಎಂಜಿನ್ ಆಗಿದ್ದರೆ ನಾಲ್ಕಂಕಿ ಇರಬೇಕಿತ್ತು. ಮತ್ತೆ ಹಿಂದಿನ ರಸ್ತೆಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣಗೆ, ಕೆಂಪು ಬಳೆಯೊಳಗೆ 80.

ಮಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ಅದು ನಾನು ತೆಗೆದದ್ದಲ್ಲ. ನನ್ನ ರೂಮ್‌ಮೇಟ್ ಆಮೇಲೆ ಪೋಸ್ಟಲ್ಲಿ ಕಳಿಸಿದ್ದ" ಎಂದರು. ಅದು ಹಂಟರ್ ಕಣಿವೆಯ ಖಾಸಗಿ ಗಣಿ ಮಾರ್ಗ, ಸೌತ್ ಮೈಟ್‌ಲ್ಯಾಂಡ್ ರೈಲ್ವೆಯ ಎಂಜಿನ್. ಸರಕಾರ ಉಗಿ ಬಿಟ್ಟ ಮೇಲೂ ಆ ಕಡೆ ಕಲ್ಲಿದ್ದಲ ಸಾಗಣೆಗೆ ಇವೇ ಓಡಿದವು. ಹೆಕ್ಸಮ್ ಬಳಿಯ ರಿಚ್ಮಂಡ್ ವೇಲ್ ಮಾರ್ಗದಲ್ಲಂತೂ 1987ರ ಸೆಪ್ಟೆಂಬರ್‌ವರೆಗೆ. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗಿರಣಿಗಳ ಪುಟ್ಟ ಎಂಜಿನ್‌ಗಳೂ ಹೀಗೆ ಮೋಸ ಮಾಡುತ್ತವೆ. ಡಬ್ಬಿ ಯಾರದ್ದು ಎನ್ನುವುದನ್ನು ನೋಡಿ ವರ್ಷ ಬರೆಯಬೇಡಿ.

ನನ್ನ ಇನ್ನೊಂದು ಪೆದ್ದುತನ ಹೇಳಿ ಮುಗಿಸುತ್ತೇನೆ. ಒಂದು ಸ್ಲೈಡಿನಲ್ಲಿದ್ದ ಎಂಜಿನ್ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಚಿಕ್ಕವನಿದ್ದಾಗ ಮೈಸೂರು ಸ್ಟೇಷನ್ನಿನಲ್ಲಿ ಮೀಟರ್ ಗೇಜಿನ ಮೇಲೆ ಹೊಗೆ ಬಿಡುತ್ತಾ ನಿಂತಿರುತ್ತಿದ್ದವಲ್ಲ, ಅದೇ ಮುಖ. ಊರಿಗೆ ಬಂದ ಮೇಲೆ ತೆಗೆದದ್ದು ಇದರೊಳಗೆ ಸೇರಿದೆ ಎಂದುಕೊಂಡು "ಮೈಸೂರು" ಎಂದು ಬರೆದ ಲಕೋಟೆಗೆ ಹಾಕಿದೆ. ಮಾವ ಅದನ್ನು ಹೊರತೆಗೆದು ಕನ್ನಡಕ ಏರಿಸಿ ನೋಡಿದರು. ಟಾಸ್ಮೇನಿಯಾ! ಅಲ್ಲಿಯ ಎಂ ಜಾತಿಯ ಹತ್ತು ಎಂಜಿನ್‌ಗಳನ್ನು ನಮ್ಮ ದೇಶದ ಮೀಟರ್ ಗೇಜಿನ ವೈಬಿ ಎಂಬ ಜಾತಿಯ ಎಂಜಿನ್ ನಕ್ಷೆಯಿಂದಲೇ ಕಟ್ಟಿಸಿದ್ದರಂತೆ. ಗಾಲಿಗಳ ನಡುವಿನ ಅಂತರ ಮಾತ್ರ 67 ಮಿಲಿಮೀಟರ್ ಜಾಸ್ತಿ. ರಜೆಯಲ್ಲಿ ಹೋಗಿದ್ದಾಗ ಶೆಡ್ಡಿನ ಹೊರಗೆ ಅದನ್ನು ಕಂಡು, "ಊರಿನವರು ಸಿಕ್ಕ ಹಾಗಾಯ್ತು" ಎಂದರು.

ಎಲ್ಲ ಆದ ಮೇಲೆ ಸ್ಲೈಡುಗಳನ್ನು ಮತ್ತೆ ಆ ತಗಡಿನ ಡಬ್ಬಿಗೇ ತುಂಬಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಂದು, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ. ಬಣ್ಣ ತಿರುಗಿದರೆ ಕಾಳುಗಳನ್ನು ಸಣ್ಣ ಉರಿಯಲ್ಲಿ ಹುರಿದು, ತಣಿದ ಮೇಲೆ ವಾಪಸ್ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಬೇಡಿ, ಹೊಗೆ ಕೂರುತ್ತದೆ. ಮಲಗುವ ಕೋಣೆಯ ಬೀರುವಿನ ನಡುವಿನ ಅಂಕಣ ಒಳ್ಳೆಯದು. ಮೇ ಕೊನೆಗೊಮ್ಮೆ, ಮಳೆ ಹಿಡಿಯುವ ಮೊದಲು, ಜೆಲ್ ನೋಡಿ. ಗಿಳಿ ಚಿತ್ರದ ಡಬ್ಬಿಯನ್ನು ಮಾವ ವಾಪಸ್ ಒಯ್ದರು. ಈಗ ಅದರಲ್ಲಿ ಕಾಳುಮೆಣಸು ಇದೆ.